ಸಮಗೆರೆಗಳಲ್ಲಿ ಸಿಕ್ಕಿದ ಕೈ

ಕತ್ತರಿ ಎಂಬ ಅಡ್ಡಹೆಸರಿನವಳ ಸೋದರಮಾವ ಜಾದೂಗಾರ. ಇಷ್ಟೇ ಹೇಳಿ ಮುಂದೆ ಹೋದರೆ ಮಾವನಿಗೆ ಸಿಟ್ಟು ಬರುತ್ತದೆ. ಜೀವಮಾನವಿಡೀ ವೇದಿಕೆಯ ಮೇಲೆ ಜನರ ಕಣ್ಣಿಗೆ ಮಣ್ಣೆರಚಿದವನು ತಾನು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ, ಆದರೆ ಒಂದೇ ಒಂದು ಸಲ ಮಾತ್ರ ಜಾದೂ ನಿಜವಾಗಿಯೇ ನಡೆದುಹೋಯಿತು ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕ್ಷೌರದಂಗಡಿಯಲ್ಲಿ ಹೇಳುತ್ತಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತಿದ್ದ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯೊಳಗೆ ಇಕ್ಕಳ ಇರುವಾಗಲೇ ದಂತವೈದ್ಯರಿಗೆ ಹೇಳಲು ಹೊರಟು ಬೈಸಿಕೊಂಡಿದ್ದ.

ಆಟವೇನೋ ಸರಳ. ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಕೆಂಪು ಚೆಂಡು. ಮುಷ್ಟಿಯಲ್ಲಿಟ್ಟು ಉಫ್ ಎಂದು ಊದಿದರೆ ಮಾಯ. ಪಕ್ಕದಲ್ಲಿ ಅತ್ತೆ ಮಿರಮಿರ ಮಿಂಚುವ ಉಡುಪು ತೊಟ್ಟು ತಟ್ಟೆ ಹಿಡಿದು ನಿಂತಿರುತ್ತಾಳೆ. ತಟ್ಟೆಯ ಮೇಲೆ ಖಾಲಿ ಗಾಜಿನ ಲೋಟ. ಮಾವ ದೊಡ್ಡದೊಂದು ಕರವಸ್ತ್ರ ಬೀಸಿ ಲೋಟವನ್ನು ಮುಚ್ಚುತ್ತಾನೆ, ಮತ್ತೆ ಎಳೆಯುತ್ತಾನೆ, ಲೋಟದೊಳಗೆ ಚೆಂಡು ಹಾಜರು. ಅಂಗಿಯ ತೋಳಿನೊಳಗೆ ಜಾರಿದ್ದ ಚೆಂಡು ಕರವಸ್ತ್ರದ ಮರೆಯಲ್ಲಿ ಲೋಟಕ್ಕೆ ಇಳಿಯುತ್ತಿತ್ತು, ಅಷ್ಟೇ. ಆದರೆ ಟೀವಿಯವರು ಕ್ಯಾಮೆರಾ ತಂದ ದಿನ ಮಾವನ ಅಂಗೈ ಬೆವೆತು, ಚೆಂಡು ತೋಳಿನಿಂದ ತಪ್ಪಿಸಿಕೊಂಡು ಮೇಜಿನಡಿಗೆ ಉರುಳಿಬಿಟ್ಟಿತು. ಸದ್ದು ಸಭೆಗೆ ಕೇಳಿಸಲಿಲ್ಲ, ಅವನ ಕಿವಿಗೆ ಕೇಳಿಸಿತು. ಲೋಟ ಖಾಲಿ ಇದೆ, ಮರ್ಯಾದೆ ಹೋಯಿತು, ಏನಾದರೊಂದು ತಮಾಷೆ ಮಾಡಿ ಕೆಳಗಿಳಿದು ಓಡಿಹೋಗಬೇಕು ಎಂದುಕೊಂಡು ಕರವಸ್ತ್ರ ಎಳೆದ. ಲೋಟದಲ್ಲಿ ಕೆಂಪು ಚೆಂಡು ಕೂತಿತ್ತು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಮಾವ ಮಾತ್ರ ಬಾಯಿ ಬಿಟ್ಟುಕೊಂಡು ಚೆಂಡನ್ನೇ ನೋಡುತ್ತ ನಿಂತ.

“ಅವತ್ತು ನಾನು ಮಾಡ್ಲಿಲ್ಲ. ಅದಾಗೇ ಆಯ್ತು,” ಎನ್ನುವಾಗ ಮಾವನ ದನಿ ಈಗಲೂ ಇಳಿದುಬಿಡುತ್ತದೆ. ಆಟಗಳು ನಿಂತುಹೋಗಿ, ಮಂಡಿ ಹಿಡಿದುಕೊಂಡು, ಮಿಕ್ಕವರು ತನ್ನನ್ನು ಮರೆತ ಮೇಲೂ ಅವನು ಎದೆಯುಬ್ಬಿಸಿ ಓಡಾಡುತ್ತಿದ್ದದ್ದು ಆ ಒಂದು ಸಂಜೆಯ ಬಲದಿಂದಲೇ.

ಈಗ ಜಾದೂಗಾರರ ಸಂಘದವರು ಮಾವನನ್ನು ಕರೆದು ಸನ್ಮಾನ ಮಾಡುವುದೆಂದು ನಿಶ್ಚಯಿಸಿದ್ದರು. ಟೀವಿಯವರು ತೆಗೆದಿದ್ದ ಆ ಹಳೆಯ ಟೇಪನ್ನು ಅಂದು ದೊಡ್ಡ ಪರದೆಯ ಮೇಲೆ ಹಾಕುವುದಿತ್ತು. ಸಂಘದಲ್ಲಿ ಟೋಪಿ ಎಂಬ ಅಡ್ಡಹೆಸರಿನವನೊಬ್ಬನಿದ್ದ. ಟೋಪಿಯಿಂದ ಮೊಲ ತೆಗೆಯುವುದು ಅವನ ಕಸುಬು, ಜನರಿಗೆ ಟೋಪಿ ಹಾಕುವುದು ಅವನ ಹವ್ಯಾಸ ಎಂದು ಮಾವ ಹೇಳುತ್ತಿದ್ದ. ಆ ಟೋಪಿ ಸಭೆಯಲ್ಲೇ ಎದ್ದು ನಿಂತು, “ನಿಜವಾದ ಜಾದೂ ಅಂತೀರಲ್ಲ, ಒಂದೊಂದೇ ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡೋಣ. ಎಲ್ಲೂ ಏನೂ ಸಿಗಲಿಲ್ಲ ಅಂದ್ರೆ ನಾನೇ ಬಂದು ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಸವಾಲು ಹಾಕಿದ್ದ. ಮಾವ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡು ಬಂದಿದ್ದ. ಟೋಪಿ ತನ್ನ ಕಾಲಿಗೆ ಬೀಳುವ ದೃಶ್ಯ ಆಗಲೇ ಅವನ ಕಣ್ಣ ಮುಂದೆ ಕುಣಿಯುತ್ತಿತ್ತು.

ಟೇಪು ಬಂದು ಸೇರಿದ್ದು ಕತ್ತರಿಯ ಎಡಿಟಿಂಗ್ ಕೋಣೆಗೆ. ಕತ್ತರಿ ಎಂದರೆ ಮಾವನ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಮನೆಯ ಪರದೆಗಳನ್ನೆಲ್ಲ ಕತ್ತರಿಸಿ ಆ ಹೆಸರು ಪಡೆದವಳು. ದೊಡ್ಡವಳಾದ ಮೇಲೆ ಮದುವೆ, ನಾಟಕ, ಶಾಲೆಯ ವಾರ್ಷಿಕೋತ್ಸವಗಳ ವಿಡಿಯೋ ಕತ್ತರಿಸಿ ಜೋಡಿಸುವುದನ್ನೇ ಕಸುಬು ಮಾಡಿಕೊಂಡು ಹೆಸರು ಉಳಿಸಿಕೊಂಡಿದ್ದಳು. ಅವಳ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿತ್ತು. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಕಿಟಕಿಗೆ ದಪ್ಪ ಕಪ್ಪು ಬಟ್ಟೆ. ಮೇಜಿನ ಮೇಲೆ ಎರಡು ಮಾನಿಟರು, ಟೇಪು ಓಡಿಸುವ ಹಳೇ ಡೆಕ್ಕು, ಅದರ ಬಾಯಿ ಒರೆಸಲು ಸ್ಪಿರಿಟ್ಟಿನ ಬಾಟಲಿ. ಆ ಡೆಕ್ಕಿಗೆ ಟೇಪು ನುಂಗುವ ಚಟವಿದ್ದುದರಿಂದ ಅವಳು ಟೇಪು ತೂರಿಸಿದಾಗಲೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಅಂದು ಡೆಕ್ಕು ಸುಮ್ಮನೆ ಓಡಿತು. ಟೇಪು ಕಂಪ್ಯೂಟರಿಗೆ ಇಳಿಯಿತು. ಮಾವ ಪರದೆಯ ಮೇಲೆ ಕಪ್ಪು ಮೀಸೆ, ತೆಳ್ಳನೆ ಸೊಂಟದೊಂದಿಗೆ ಪ್ರತ್ಯಕ್ಷನಾದ. ಅವನು ಸುಮ್ಮನೆ ನಿಂತಿದ್ದಾಗ ಚಿತ್ರ ಚೆನ್ನಾಗಿಯೇ ಇತ್ತು. ಕೈ ಆಡಿಸಿದ್ದೇ ತಡ, ಬೆರಳುಗಳ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲು ಮೂಡಿತು.

ಕತ್ತರಿಗೆ ಇದು ಹೊಸದಲ್ಲ. ಹಳೆಯ ಕ್ಯಾಮೆರಾ ಒಂದು ಚಿತ್ರವನ್ನು ಒಂದೇ ಏಟಿಗೆ ಹಿಡಿಯುತ್ತಿರಲಿಲ್ಲ. ಮೊದಲು ಒಂದು, ಮೂರು, ಐದು ಎಂದು ಬೆಸಗೆರೆಗಳನ್ನು ಹಿಡಿಯುತ್ತಿತ್ತು. ಕಣ್ಣೆವೆ ಬಡಿಯುವಷ್ಟೂ ಹೊತ್ತಾಗುವ ಮೊದಲೇ ಎರಡು, ನಾಲ್ಕು, ಆರು ಎಂದು ಸಮಗೆರೆಗಳನ್ನು ಹಿಡಿಯುತ್ತಿತ್ತು. ಒಂದೊಂದು ಕಂತಿಗೂ ಕಸುಬಿನವರು ಫೀಲ್ಡು ಎನ್ನುತ್ತಾರೆ. ಎರಡು ಫೀಲ್ಡು ಹೆಣೆದುಕೊಂಡರೆ ಒಂದು ಫ್ರೇಮು. ಹಳೇ ಟೀವಿ ಎರಡನ್ನೂ ಒಂದಾದ ಮೇಲೊಂದು ಬರೆಯುತ್ತಿದ್ದುದರಿಂದ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈಗಿನ ಪರದೆ ಹಾಗಲ್ಲ, ಅದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಗೆರೆಗಳನ್ನೂ ಒಟ್ಟಿಗೇ ತೋರಿಸುತ್ತದೆ. ಹೀಗಾಗಿ ಎರಡು ಬೇರೆ ಬೇರೆ ಗಳಿಗೆಗಳು ಒಂದೇ ಚಿತ್ರದಲ್ಲಿ ಜಗಳಕ್ಕೆ ನಿಲ್ಲುತ್ತವೆ. ಆ ಜಗಳವೇ ಬಾಚಣಿಗೆ.

ಜಗಳ ಬಿಡಿಸಲು ಕತ್ತರಿ ಎರಡೂ ಫೀಲ್ಡುಗಳನ್ನು ಬೇರೆ ಮಾಡಿ, ಒಂದೊಂದನ್ನೂ ಪೂರ್ತಿ ಚಿತ್ರವಾಗಿ ಹಿಗ್ಗಿಸಿದಳು. ಚಿತ್ರಗಳು ಇಮ್ಮಡಿಯಾದವು. ಮಾವನ ಕೈಗಳು ಎಣ್ಣೆ ಹಚ್ಚಿದಂತೆ ಜಾರತೊಡಗಿದವು. ಎಂಥ ಕೈಗಳಪ್ಪಾ ಎಂದು ಅವಳಿಗೇ ಹೆಮ್ಮೆ ಉಕ್ಕಿತು. ಟೋಪಿಗೆ ಚಿತ್ರ ನಿಲ್ಲಿಸಿ ನೋಡಲು ಅನುಕೂಲವಾಗಲಿ ಎಂದು ತಾನೇ ಒಮ್ಮೆ ಒಂದೊಂದಾಗಿ ನೋಡುತ್ತ ಹೋದಳು. ಕರವಸ್ತ್ರ ಮೇಲೇರಿತು. ಗಾಳಿ ತುಂಬಿಕೊಂಡು ಉಬ್ಬಿತು. ಒಂದಂಚು ಕೊಂಚ ಎದ್ದು, ಬಟ್ಟೆಗೂ ತಟ್ಟೆಗೂ ನಡುವೆ ಸಣ್ಣ ಸಂದು ಬಿಟ್ಟಿತು.

ಆ ಸಂದಿನಲ್ಲಿ ಒಂದು ಕೈ ಇತ್ತು. ಕೈಯಲ್ಲಿ ಕೆಂಪು ಚೆಂಡು.

ಕತ್ತರಿ ಹಿಂದಿನ ಚಿತ್ರಕ್ಕೆ ಹೋದಳು. ಕೈ ಇಲ್ಲ. ಮುಂದಿನದಕ್ಕೆ ಹೋದಳು. ಬಟ್ಟೆ ಇಳಿದಿತ್ತು, ಸಂದು ಮುಚ್ಚಿತ್ತು, ಕೈ ಇಲ್ಲ. ಸಮಗೆರೆಗಳ ಆ ಒಂದೇ ಫೀಲ್ಡಿನಲ್ಲಿ ಕೈ ಸಿಕ್ಕಿಬಿದ್ದಿತ್ತು. ಮಾವನ ಎರಡೂ ಕೈ ಕರವಸ್ತ್ರದ ತುದಿಗಳಲ್ಲಿದ್ದವು. ಉಳಿದವರೆಂದರೆ ಅತ್ತೆ. ಅವಳ ಒಂದು ಕೈ ತಟ್ಟೆಯ ಕೆಳಗಿತ್ತು. ಇನ್ನೊಂದು ಕೈ ಇರಬೇಕಾದ ಜಾಗದಲ್ಲಿರಲಿಲ್ಲ. ಮುಖ ಮಾತ್ರ ಪ್ರೇಕ್ಷಕರ ಕಡೆ ತಿರುಗಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಗುತ್ತಿತ್ತು.

ಕತ್ತರಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ನಗು ಬಂತು. ಆಮೇಲೆ ಮಾವನ ಮುಖ ನೆನಪಾಗಿ ನಗು ನಿಂತುಹೋಯಿತು.

ಏಕೆಂದರೆ ಮಾವ ಹೇಳಿಕೊಂಡು ಬಂದಿದ್ದ ಕತೆಗೆ ಇನ್ನೊಂದು ಬಾಲವೂ ಇತ್ತು. “ನಮ್ಮವಳ ಕೈ ಬಲು ನಿಧಾನ. ಪಾಪ, ಎಷ್ಟು ಕಲಿಸಿದ್ರೂ ಬರ್ಲಿಲ್ಲ. ಅದಕ್ಕೇ ತಟ್ಟೆ ಹಿಡ್ಕೊಂಡು ನಿಂತ್ಕೊ ಅಂದೆ,” ಎಂದು ಅವನು ಅತ್ತೆಯ ಎದುರಿನಲ್ಲೇ ಹೇಳುತ್ತಿದ್ದ. ಅತ್ತೆ ಹ್ಞೂಂ ಎನ್ನುತ್ತ ಬಟ್ಟೆ ಮಡಿಸುತ್ತಿದ್ದಳು.

ಈಗ ಏನು ಮಾಡುವುದು? ಈ ಚಿತ್ರ ಸಭೆಯಲ್ಲಿ ನಿಂತಿತೆಂದರೆ ಮಾವನ ಜೀವಮಾನದ ಏಕೈಕ ನಿಜ ಎಲ್ಲರೆದುರು ಮಣ್ಣುಪಾಲು. ಆ ಒಂದು ಚಿತ್ರವನ್ನಷ್ಟೇ ಕಿತ್ತುಹಾಕಬಹುದಿತ್ತು. ಆದರೆ ಆಟದ ನಡುವೆ ಕತ್ತರಿ ಆಡಿಸಬಾರದೆಂದು ಸಂಘ ಕರಾರು ಹಾಕಿತ್ತು, ಮಾವ ಅವಳಿಂದ ಆಣೆ ಮಾಡಿಸಿಕೊಂಡಿದ್ದ. ಕತ್ತರಿ ಆಣೆ ಮುರಿಯುವವಳಲ್ಲ. ಆಣೆಯ ಸಂದಿನಲ್ಲಿ ನುಸುಳುವವಳು. ಅವಳ ಸಾಫ್ಟ್‌ವೇರಿನಲ್ಲಿ ಒಂದು ಸೆಟ್ಟಿಂಗು ಇತ್ತು: ಎರಡರಲ್ಲಿ ಒಂದು ಫೀಲ್ಡನ್ನು ಪೂರ್ತಿ ಬಿಟ್ಟುಬಿಡುವುದು. ಸೋಮಾರಿ ಎಡಿಟರುಗಳು ಬಾಚಣಿಗೆ ಹೋಗಲೆಂದು ದಿನನಿತ್ಯ ಮಾಡುವುದೇ ಇದು. ಒಂದು ಚಿತ್ರ ಕಿತ್ತರೆ ಮೋಸ, ಅರ್ಧಕ್ಕರ್ಧ ಚಿತ್ರಗಳನ್ನು ಕಿತ್ತರೆ ಸೆಟ್ಟಿಂಗು! ಕತ್ತರಿ ಮನಸ್ಸಾಕ್ಷಿಗೆ ಇದನ್ನೇ ಎರಡು ಸಲ ಹೇಳಿ, ಸಮಗೆರೆಗಳನ್ನೆಲ್ಲ ಒಟ್ಟಾರೆ ಬಿಸಾಡಿದಳು. ಕೈ ಮಾಯವಾಯಿತು. ನಿಜಕ್ಕೂ ಒಳ್ಳೆಯ ಜಾದೂ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲು ಹತ್ತಿದ. ಹಿಂದೆಯೇ ಅತ್ತೆ ಬಂದಳು. ಕೋಣೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಮಾವ ಕೂತ. ಅತ್ತೆ ಟೇಪಿನ ಪೆಟ್ಟಿಗೆಗಳ ಮೇಲೆ ಕೂತಳು.

“ಹಾಕು ಕತ್ತರಿ. ಟೋಪಿ ಮುಖ ನೆನೆಸ್ಕೊಂಡ್ರೇ ನಂಗೆ ನಗು ತಡೆಯೋಕಾಗ್ತಿಲ್ಲ.”

ಕತ್ತರಿ ಚಿತ್ರ ಓಡಿಸಿದಳು. ಮಾವನ ನಗು ಕ್ರಮೇಣ ಕರಗಿತು. ಕುರ್ಚಿಯಿಂದ ಮುಂದೆ ಬಾಗಿದ. ಕನ್ನಡಕ ಒರೆಸಿಕೊಂಡ. ಮತ್ತೆ ಬಾಗಿದ.

“ಇದ್ಯಾರ ಕೈ?”

ಕತ್ತರಿ ತಡವರಿಸಿದಳು. “ಯಾ... ಯಾವ ಕೈ ಮಾವ?”

“ಇವೇ! ನನ್ನವೇ! ಜ್ವರ ಬಂದವನ ಹಾಗೆ ತಟಕ್ ತಟಕ್ ಅಂತ ಹಾರ್ತಿವೆ ನೋಡು. ಟೀವಿಲಿ ಬಂದಾಗ ಹೀಗಿರ್ಲಿಲ್ಲ. ನೀರು ಹರಿದ ಹಾಗಿತ್ತು. ನೀನೇನೋ ಮಾಡಿದ್ದೀಯ.”

ಕಲಾವಿದನ ಕಣ್ಣು. ಅರ್ಧ ಗಳಿಗೆಗಳನ್ನು ಕಿತ್ತರೆ ಅರ್ಧ ಚಲನೆಯೂ ಹೋಗುತ್ತದೆಂದು ಕತ್ತರಿಗೆ ಗೊತ್ತಿತ್ತು. ಮಾಮೂಲಿ ಜನ ಇದನ್ನು ಗಮನಿಸುವುದಿಲ್ಲ. ಆದರೆ ಕನ್ನಡಿಯ ಮುಂದೆ ವರ್ಷಗಟ್ಟಲೆ ತನ್ನ ಕೈಗಳನ್ನೇ ನೋಡಿಕೊಂಡ ಮನುಷ್ಯನ ಕಣ್ಣು ತಪ್ಪಿಸಲಾದೀತೇ?

“ಅದೂ... ಒಂದು ಫೀಲ್ಡ್ ತೆಗೆದಿದ್ದೀನಿ ಮಾವ.”

“ಫೀಲ್ಡಾ? ನಾನು ಈ ಫೀಲ್ಡಿಗೆ ಬಂದಾಗ ನೀನು ಹುಟ್ಟೇ ಇರ್ಲಿಲ್ಲ. ನನ್ನನ್ನೇ ಫೀಲ್ಡಿಂದ ತೆಗೀತೀಯಾ?”

“ಆ ಫೀಲ್ಡಲ್ಲ ಮಾವ!” ಕತ್ತರಿ ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸಿದಳು. “ನೋಡಿ, ಚಿತ್ರ ಹೀಗಿರುತ್ತೆ. ಈ ಕೈ ಬೆಸಗೆರೆ, ಮೊದಲನೇ ಗಳಿಗೆ. ಈ ಕೈ ಸಮಗೆರೆ, ಅದರ ಮುಂದಿನ ಗಳಿಗೆ. ಎರಡೂ ಸೇರಿದ್ರೆ ಅಂಚು ಹಲ್ಲುಹಲ್ಲಾಗಿ ಕಾಣುತ್ತೆ. ಅದಕ್ಕೇ ಒಂದು ಕೈ ಬಿಟ್ಟುಬಿಟ್ಟೆ.”

“ಒಂದು ಕೈ ಬಿಟ್ರೆ ಜಾದೂ ಹೇಗಾಗುತ್ತೆ?” ಎಂದ ಮಾವ. “ಎರಡೂ ಹಾಕು.”

“ಹಲ್ಲು ಕಾಣುತ್ತೆ ಮಾವ.”

“ಕಾಣ್ಲಿ! ನಾನು ಸನ್ಮಾನಕ್ಕೆ ಹೋಗ್ತಿರೋದು, ಹಲ್ಲು ಡಾಕ್ಟ್ರ ಹತ್ರ ಅಲ್ಲ.”

“ಟೇಪು ಹಳೇದು. ಆ ಗೆರೆಗಳು ಸರಿಯಿಲ್ಲ. ಮಸುಕು ಮಸುಕಾಗಿವೆ. ಆಮೇಲೆ... ಕಂಪ್ಯೂಟರ್ ಬೇರೆ ಇವತ್ತು ಬಿಸಿಯಾಗಿದೆ...” ಕತ್ತರಿ ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋದಳು. ಸುಳ್ಳು ಅವಳಿಗೆ ಒಗ್ಗುವ ವಿದ್ಯೆಯಲ್ಲ. ಕಿವಿ ಕೆಂಪಗಾಗುತ್ತಿತ್ತು.

ಪೆಟ್ಟಿಗೆಗಳ ಮೇಲೆ ಕೂತಿದ್ದ ಅತ್ತೆ ಮೆಲ್ಲಗೆ ಕೇಳಿದಳು: “ಬಿಟ್ಟ ಅರ್ಧದಲ್ಲಿ ಏನಿದೆ?”

ಕತ್ತರಿ ತಿರುಗಿ ನೋಡಿದಳು. ಅತ್ತೆಯೂ ಅವಳನ್ನೇ ನೋಡುತ್ತಿದ್ದಳು. ಅತ್ತೆ ಸೆರಗನ್ನು ಸರಿಮಾಡಿಕೊಂಡಳು, ಎದ್ದುಬಂದು ಮಾವನ ಕುರ್ಚಿಯ ಹಿಂದೆ ನಿಂತಳು.

“ತೋರಿಸಮ್ಮ. ಅವರ ಕೈನ ಹಾಗೆ ಕುಂಟಿಸಬೇಡ. ಚೆನ್ನಾಗಿರೋ ಕೈ ಅದು.”

“ಅತ್ತೆ, ಬೇಡ...”

“ತೋರಿಸು ಅಂದೆ.”

ಕತ್ತರಿ ಸೆಟ್ಟಿಂಗು ತೆಗೆದಳು. ಎರಡೂ ಫೀಲ್ಡುಗಳು ಮರಳಿ ಬಂದವು. ಮಾವನ ಕೈಗಳು ಮತ್ತೆ ನೀರಾಗಿ ಹರಿದವು. ಮಾವನ ಮುಖ ಅರಳಿತು. “ಹಾಂ! ಇದು ನೋಡು ಕೈ ಅಂದ್ರೆ! ಈಗ ಒಂದೊಂದಾಗಿ ಓಡಿಸು. ಟೋಪಿ ಹೇಗೆ ನೋಡ್ತಾನೋ ಹಾಗೆ ನಾನೂ ನೋಡ್ಬೇಕು.”

ಕತ್ತರಿ ಕೀಲಿ ಒತ್ತುತ್ತ ಹೋದಳು. ಕರವಸ್ತ್ರ ಏರಿತು. ಉಬ್ಬಿತು. ಅಂಚು ಎದ್ದಿತು. ಸಂದು ತೆರೆಯಿತು.

“ನಿಲ್ಲಿಸು,” ಎಂದ ಮಾವ.

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಸರಿಯಾಯಿತೇ ಎಂದು ಟ್ರಿಣ್ ಟ್ರಿಣ್ ಬಾರಿಸಿ ನೋಡುತ್ತಿದ್ದರು. ಮಾವ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಬೆರಳಿನಿಂದ ಆ ಕೈಯನ್ನು ಮುಟ್ಟಿದ. ಆಮೇಲೆ ಚೆಂಡನ್ನು ಮುಟ್ಟಿದ. ತಿರುಗಿದಾಗ ಅವನ ಮುಖ ಒಮ್ಮೆಲೇ ಮುದಿಯಾಗಿತ್ತು. ಕತ್ತರಿಗೆ ಕಂಪ್ಯೂಟರನ್ನೇ ಕಿಟಕಿಯಿಂದ ಆಚೆ ಎಸೆದುಬಿಡಬೇಕು ಅನ್ನಿಸಿತು.

“ನೀನಾ?” ಎಂದ ಹೆಂಡತಿಗೆ.

“ಮತ್ತಿನ್ಯಾರು? ಅಲ್ಲಿದ್ದಿದ್ದು ನಾವಿಬ್ರೇ ಅಲ್ವಾ?”

“ಹಾಗಾದ್ರೆ ಅದಾಗೇ ಆಗ್ಲಿಲ್ಲ.”

“ಇಲ್ಲ ರೀ.”

“ಚೆಂಡು ಎಲ್ಲಿಂದ ಬಂತು?”

“ನನ್ನ ಸೊಂಟದಲ್ಲಿ ಒಂದು ಯಾವಾಗ್ಲೂ ಇರ್ತಿತ್ತು. ನಿಮ್ಮ ಅಂಗೈ ಬೆವರುತ್ತೆ ಅಂತ ನಂಗೊತ್ತಿಲ್ವಾ? ಆ ಕೈ ಹಿಡಿದೇ ಅಲ್ವಾ ನಾನು ಬಂದಿದ್ದು.”

ಮಾವ ಕುರ್ಚಿಯಲ್ಲಿ ಕುಸಿದ. “ಹೇಳ್ಬಾರ್ದಿತ್ತಾ? ಇಷ್ಟು ವರ್ಷ ನನ್ನನ್ನ ಮಂಗ ಮಾಡಿದ್ಯಲ್ಲೇ.”

“ಹೇಳೋಣ ಅಂತಾನೇ ಇದ್ದೆ,” ಎಂದಳು ಅತ್ತೆ. “ಪರದೆ ಬಿದ್ದ ಕೂಡ್ಲೇ ನೀವು ಬಂದು ನನ್ನ ತಬ್ಕೊಂಡು ಮಗು ಹಾಗೆ ಅತ್ತ್ರಿ. ‘ನಿಜವಾಗ್ಲೂ ಆಯ್ತು ಕಣೇ’ ಅಂದ್ರಿ. ಆ ಹೊತ್ತಲ್ಲಿ ಹೇಗೆ ಹೇಳ್ಲಿ? ನಾಳೆ ಹೇಳೋಣ ಅಂದ್ಕೊಂಡೆ. ಬೆಳಗಾಗೋದ್ರೊಳಗೆ ನೀವು ಹಾಲಿನವನಿಗೆ ಹೇಳಿಬಿಟ್ಟಿದ್ರಿ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಬಾಯಿ ಬಿಡೋಕೆ ಜಾಗ ಎಲ್ಲಿತ್ತು?”

ಮಾವನ ಕಣ್ಣು ಮತ್ತೆ ಪರದೆಗೆ ಹೋಗಿತ್ತು. ಕತ್ತರಿ ನೋಡನೋಡುತ್ತಿದ್ದಂತೆ ಆ ಮುಖದಲ್ಲಿ ಏನೋ ಬದಲಾಗತೊಡಗಿತು. ನೋವು ಹೋಗಿರಲಿಲ್ಲ. ಆದರೆ ಅದರ ಪಕ್ಕದಲ್ಲೇ ಹಳೆಯ ಕಸುಬುದಾರ ಎದ್ದು ಕೂತಿದ್ದ.

“ಹಿಂದಕ್ಕೆ ಹೋಗು,” ಎಂದ. ಕತ್ತರಿ ಹೋದಳು. “ಮುಂದಕ್ಕೆ.” ಹೋದಳು. “ಇನ್ನೊಂದ್ಸಲ.” ಹಾಗೆ ಎಷ್ಟು ಸಲ ಆಯಿತೋ. ಕೈ ಬಂತು, ಹೋಯಿತು, ಬಂತು, ಹೋಯಿತು.

“ಒಂದೇ ಫೀಲ್ಡಲ್ಲಿ ಕಾಣುತ್ತಾ?”

“ಒಂದೇ ಒಂದರಲ್ಲಿ ಮಾವ. ಬಟ್ಟೆ ಎದ್ದಿದ್ದು ಅಷ್ಟೇ ಹೊತ್ತು. ಒಂದು ಬೆಸಗೆರೆ ಮುಗಿದು ಮುಂದಿನ ಬೆಸಗೆರೆ ಬರೋದ್ರೊಳಗೆ ಅತ್ತೆ ಕೈ ಬಂದು ಹೋಗಿ ಆಗಿತ್ತು.”

“ನಾನು ಎಲ್ಲಿದ್ದೆ?”

“ಪಕ್ಕದಲ್ಲೇ ಇದ್ರಿ. ನಿಮ್ಮ ಮೊಣಕೈ ಅತ್ತೆಗೆ ತಾಗ್ತಿದೆ ನೋಡಿ.”

“ನಂಗೆ ಕಾಣಲಿಲ್ಲ,” ಎಂದ ಮಾವ. ತನಗೇ ಹೇಳಿಕೊಂಡಂತಿತ್ತು. “ಇಡೀ ಸಭೆ ಕಣ್ಣು ತಪ್ಪಿಸೋದು ಹೇಗೆ ಅಂತ ಕಲಿತವನು ನಾನು. ನನ್ನ ಮೂಗಿನ ಕೆಳಗೇ, ನನ್ನ ಕರವಸ್ತ್ರದ ಮರೇಲೇ... ಇವಳ ಕೈ ನಿಧಾನ ಅಂದೋನು ಯಾವನು?”

“ನೀವೇ,” ಎಂದಳು ಅತ್ತೆ.

“ಗೊತ್ತು!” ಎಂದು ಮಾವ ರೇಗಿದ. ರೇಗಿದವನು ತಲೆ ತಗ್ಗಿಸಿದ. “ಎಷ್ಟೊಂದು ಸಲ ಹೇಳ್ಬಿಟ್ಟೆ ಅಲ್ಲವೇನೇ. ಬಂದವರ ಹೋದವರ ಮುಂದೆಲ್ಲ.”

ಅತ್ತೆ ಅವನ ಅಂಗಿಯ ಕಾಲರು ಸರಿಮಾಡಿದಳು.

ಕತ್ತರಿ ನಡುವೆ ಬಾಯಿ ಹಾಕಿದಳು. “ಮಾವ, ಹೇಗೂ ಸೆಟ್ಟಿಂಗು ಇದ್ದೇ ಇದೆ. ಸಮಗೆರೆ ಬಿಟ್ಟು ಕೊಡ್ತೀನಿ. ಕೈ ಸ್ವಲ್ಪ ಕುಂಟುತ್ತೆ, ಯಾರಿಗೂ ಗೊತ್ತಾಗಲ್ಲ. ಟೋಪಿಗೆ ಏನೂ ಸಿಗಲ್ಲ. ನಿಮ್ಮ ಕಾಲಿಗೆ ಬೀಳ್ತಾನೆ.”

ಮಾವ ಅವಳನ್ನೊಮ್ಮೆ ನೋಡಿದ. ಆ ನೋಟದಲ್ಲಿ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಕಾಲಿಗೆ ಬೀಳುವ ಟೋಪಿಯ ಆಸೆ ಅಷ್ಟು ಬೇಗ ಬಿಡುವಂಥದ್ದಲ್ಲ. ಮಾವ ತನ್ನ ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಂಡ.

“ಎರಡೂ ಇರ್ಲಿ,” ಎಂದ.

“ಟೋಪಿ ನೋಡ್ಬಿಡ್ತಾನೆ ಮಾವ!”

“ನೋಡ್ಲಿ. ನಿಲ್ಲಿಸಿ ನಿಲ್ಲಿಸಿ ನೋಡ್ಲಿ. ಪಕ್ಕದಲ್ಲೇ ನಿಂತು ನಾನು ನೋಡದೇ ಹೋದದ್ದನ್ನ ಅವನಾದ್ರೂ ನೋಡ್ಲಿ. ಸಿಕ್ಕಿತು ಅಂತ ಕೂಗ್ತಾನಲ್ಲ, ಆಗ ಎದ್ದು ನಿಂತು ಹೇಳ್ತೀನಿ ಅದು ಯಾರ ಕೈ ಅಂತ. ಕಾಲಿಗೆ ಬೀಳೋದಾದ್ರೆ ಯಾರ ಕಾಲಿಗೆ ಬೀಳ್ಬೇಕು ಅಂತಾನೂ ಹೇಳ್ತೀನಿ.”

“ಅಯ್ಯೋ, ನಾನು ಬರಲ್ಲಪ್ಪ ಆ ಸಭೆಗೆ,” ಎಂದಳು ಅತ್ತೆ. ಆದರೆ ಅವಳ ಮುಖ ಕೆಂಪೇರಿತ್ತು. ಆ ಮುಖದಲ್ಲಿ ಇಷ್ಟು ಸಂತೋಷವನ್ನು ಕತ್ತರಿ ಯಾವತ್ತೂ ಕಂಡಿರಲಿಲ್ಲ. ತನ್ನ ಬುದ್ಧಿವಂತಿಕೆಯಿಂದ ಇದನ್ನು ಬಿಸಾಡಲು ಹೊರಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮಾವ ಕುರ್ಚಿಯಿಂದ ಎದ್ದ. ಮಂಡಿ ಹಿಡಿದುಕೊಂಡು, ಅತ್ತೆಯ ಹೆಗಲು ಹಿಡಿದು ಅವಳನ್ನು ಆ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದ. ತಾನು ಟೇಪಿನ ಪೆಟ್ಟಿಗೆ ಎಳೆದುಕೊಂಡು ಎದುರಿಗೆ ಕೂತ. ಮೇಜಿನ ಮೇಲಿದ್ದ ಮಾರ್ಕರ್ ಪೆನ್ನಿನ ಮುಚ್ಚಳ ಕಿತ್ತು ಅವಳ ಅಂಗೈಯಲ್ಲಿಟ್ಟ.

“ಮಾಡು ನೋಡೋಣ.”

“ಈಗೆಲ್ಲ ಬೆರಳು ಬಗ್ಗಲ್ಲ ರೀ.”

“ಮಾಡೇ.”

ಅತ್ತೆ ಮುಚ್ಚಳವನ್ನು ಒಮ್ಮೆ ತೂಗಿ ನೋಡಿದಳು. ಮುಷ್ಟಿ ಕಟ್ಟಿದಳು. ಮಾವ ಕನ್ನಡಕ ಏರಿಸಿಕೊಂಡು, ರೆಪ್ಪೆ ಬಡಿಯದೆ ಆ ಮುಷ್ಟಿಯನ್ನು ನೋಡಿದ. ಅತ್ತೆ ಅವನ ಮುಖವನ್ನಷ್ಟೇ ನೋಡುತ್ತಿದ್ದಳು. ಅವಳು ಮುಷ್ಟಿ ಬಿಚ್ಚಿದಳು. ಮುಚ್ಚಳ ಇರಲಿಲ್ಲ. ಮಾವ ಇನ್ನೊಂದು ಕೈ ಬಿಡಿಸಿ ನೋಡಿದ, ಮುಂಗೈ ತಿರುಗಿಸಿ ನೋಡಿದ, ಕುರ್ಚಿಯ ಅಡಿ ಬಗ್ಗಿ ನೋಡಿದ. ಎಲ್ಲೂ ಇಲ್ಲ. ಕತ್ತರಿಯ ಕಡೆ ತಿರುಗಿದ. ಅವಳೂ ಕಂಡಿರಲಿಲ್ಲ.

ಅತ್ತೆ ಗದ್ದದಿಂದ ಅವನ ಅಂಗಿಯ ಜೇಬಿನ ಕಡೆ ತೋರಿಸಿದಳು. ಮಾವ ಜೇಬಿಗೆ ಕೈ ಹಾಕಿ ಮುಚ್ಚಳ ತೆಗೆದ. ಅದನ್ನು ಹಿಡಿದುಕೊಂಡು ಕೂತವನ ಕಣ್ಣಲ್ಲಿ ನೀರು ತುಂಬಿಕೊಂಡಿತು, ಬಾಯಿ ನಗುತ್ತಿತ್ತು. ಆಮೇಲೆ ಮುಚ್ಚಳವನ್ನು ಮತ್ತೆ ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ.

“ಇನ್ನೊಂದ್ಸಲ ಮಾಡೇ,” ಎಂದ. “ನಿಧಾನಕ್ಕೆ ಮಾಡು. ನಂಗೆ ಕಲಿಸು.”